ಪಂಪಿನ ಸಪ್ಪಳ, ಅಪ್ಪನ ನಿದ್ದೆ

ರಾತ್ರಿ ಎರಡು ಗಂಟೆಗೆ ನೀರು ಕುಡಿಯಲೆಂದು ಎದ್ದರೆ ಹಾಲ್‌ನಲ್ಲಿ ಅಪ್ಪ ದಿವಾನದ ಮೇಲೆ ಎದ್ದು ಕೂತಿದ್ದರು. ಅವರು ಚಾಂದ್‌ಖೇಡಾಕ್ಕೆ ಬಂದು ಅದು ಮೂರನೆಯ ರಾತ್ರಿ. ಅವ್ವ ತೀರಿಕೊಂಡ ಮೇಲೆ ರಾಣೆಬೆನ್ನೂರಿನ ಮನೆಯಲ್ಲಿ ಒಬ್ಬರೇ ಇರುವುದು ಬೇಡವೆಂದು ನಾನೇ ಹೋಗಿ ಕರೆದುಕೊಂಡು ಬಂದಿದ್ದೆ. ಎರಡು ಬೆಡ್‌ರೂಮಿನ ಫ್ಲಾಟು. ಒಂದು ನಮ್ಮದು, ಇನ್ನೊಂದು ಮಗಳ ಪುಸ್ತಕ, ಗೊಂಬೆ ಮತ್ತು ನನ್ನ ವರ್ಕ್ ಫ್ರಂ ಹೋಮ್ ಮೇಜಿನದ್ದು. ಅಪ್ಪನಿಗೆ ಹಾಲ್ ಬಿಟ್ಟುಕೊಟ್ಟಿದ್ದೆವು, ಅಂದರೆ ಮೀನಿನ ತೊಟ್ಟಿಯ ಪಕ್ಕ.

"ಯಾಕಪ್ಪಾ, ನಿದ್ದಿ ಬರಲಿಲ್ಲೇನು?"

"ನಂದೇನಿಲ್ಲಪಾ. ಇದಕ್ಕ ತ್ರಾಸ ಆಗಾಕತ್ತೇತಿ" ಎಂದು ತೊಟ್ಟಿಯ ಕಡೆ ಕೈ ಮಾಡಿದರು. ಕೆಳಗಿನ ಕಪಾಟಿನ ಮೇಲೆ ಗಾಳಿಯ ಪಂಪು ಗುಂಯ್‌ಗುಡುತ್ತಿತ್ತು.

ಸಪ್ಪಳದಿಂದ ತಮಗೆ ನಿದ್ದೆಯಿಲ್ಲ ಎಂಬುದನ್ನೇ ಮಗನಿಗೆ ಬೇಸರವಾಗದಂತೆ ಹೀಗೆ ಸುತ್ತು ಬಳಸಿ ಹೇಳುತ್ತಿದ್ದಾರೆ ಅಂದುಕೊಂಡೆ. ಅಪ್ಪ ಸುತ್ತು ಬಳಸಿ ಮಾತಾಡಿದ್ದನ್ನು ನಲವತ್ತಕ್ಕೆ ಹತ್ತಿರವಾದ ನನ್ನ ಆಯುಷ್ಯದಲ್ಲಿ ಒಮ್ಮೆಯೂ ಕಂಡಿರಲಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ತೊಟ್ಟಿ ಮಗಳದ್ದು. ಎರಡು ಅಡಿ ಉದ್ದ, ಸುಮಾರು 50 ಲೀಟರ್ ನೀರು, ಮೂರು ಗೋಲ್ಡ್‌ಫಿಶ್. ದೊಡ್ಡದು ಫಾಫಡಾ, ನಡುವಿನದು ಜಲೇಬಿ. ಮೂರನೆಯದಕ್ಕೆ ಮಾತ್ರ ಅಜ್ಜನ ಊರಿನ ಗೌರವಾರ್ಥ ಮಿರ್ಚಿ ಎಂದು ಹೆಸರಿಟ್ಟಿದ್ದಳು. ಗುಜರಾತಿನಲ್ಲಿ ಇರುವವರಿಗೆ ಫಾಫಡಾ-ಜಲೇಬಿಯ ಜೋಡಿ ಏನೆಂದು ಹೇಳಬೇಕಿಲ್ಲ. ಬೇರೆ ಊರಿನವರು ಅದನ್ನು ನಮ್ಮ ಮಂಡಕ್ಕಿ-ಮಿರ್ಚಿಯಂತೆ ತಿಳಿದರೆ ಸಾಕು.

ಅದು ಮೇ ತಿಂಗಳು. ಅಹಮದಾಬಾದಿನ ಮೇ ಎಂದರೆ ಹುಡುಗಾಟವಲ್ಲ. 2016ರ ಮೇ 20ರಂದು ಇಲ್ಲಿ 48 ಡಿಗ್ರಿ ದಾಖಲಾಗಿತ್ತು. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಆದ ಸಾವುಗಳ ನಂತರವೇ ಈ ನಗರ 2013ರಲ್ಲಿ ಬಿಸಿಲಿಗೊಂದು ಯೋಜನೆ ಮಾಡಿಕೊಂಡಿದ್ದು. ನಮ್ಮದು ಮೇಲಿನ ಮಹಡಿ, ಛಾವಣಿ ಇಡೀ ರಾತ್ರಿ ಕಾವು ಬಿಡುತ್ತಿರುತ್ತದೆ. ತೊಟ್ಟಿಯ ನೀರು 33 ಡಿಗ್ರಿಗೆ ಬಂದು ನಿಂತಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ 7.5 ಮಿಲಿಗ್ರಾಂ ಹಿಡಿಯುತ್ತದೆ. ಅದೇ ಕಾವಿಗೆ ಮೀನಿನ ಉಸಿರಾಟವೂ ಹೆಚ್ಚುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಆ ಪಂಪು ಅಲಂಕಾರವಲ್ಲ. ಅದನ್ನು ರಾತ್ರಿ ಬಂದ್ ಮಾಡುವಂತಿರಲಿಲ್ಲ.

ಬಂದ್ ಮಾಡಲಾಗದಿದ್ದರೆ ಸಪ್ಪಳವನ್ನಾದರೂ ಮುಚ್ಚೋಣ ಎಂದುಕೊಂಡೆ. ಹೊಸ ಟಿವಿಯ ಪ್ಯಾಕಿಂಗಿನಲ್ಲಿ ಬಂದ ಫೋಮು ಇತ್ತು. ಒಂದು ಬೂಟಿನ ಡಬ್ಬಿಗೆ ಒಳಗೆಲ್ಲ ಫೋಮ್ ಅಂಟಿಸಿ, ಗಾಳಿಯ ಪೈಪಿಗೂ ವೈರಿಗೂ ತೂತು ಮಾಡಿ, ಪಂಪನ್ನು ಅದರೊಳಗೆ ಮಲಗಿಸಿ ಮುಚ್ಚಳ ಹಾಕಿದೆ. ಹಾಲ್ ನಿಶ್ಶಬ್ದವಾಯಿತು. ಹೆಂಡತಿ ಮೆಚ್ಚಿದಳು. ಅಪ್ಪ ಡಬ್ಬಿಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. "ಬಾಯಿಗೆ ಬಟ್ಟಿ ತುರುಕಿದಂಗ ಮಾಡಿದಿ" ಎಂದಷ್ಟೇ ಹೇಳಿ ಮಲಗಲು ಹೋದರು.

ನನ್ನ ಕೆಲಸವೇ ಸರ್ವರುಗಳನ್ನು ಕಾಯುವುದು. ರಾತ್ರಿ ಪಾಳಿಯಲ್ಲಿ ಮತ್ತೆ ಮತ್ತೆ ಬಡಿದುಕೊಳ್ಳುವ ಅಲರ್ಟನ್ನು ಮ್ಯೂಟ್ ಮಾಡಿ, ಬೆಳಿಗ್ಗೆ ನೋಡಿದರಾಯಿತು ಎಂದು ಮಲಗುವ ಚಟ ನಮ್ಮ ತಂಡದಲ್ಲಿ ಎಲ್ಲರಿಗೂ ಇದೆ. ಡಬ್ಬಿ ಮಾಡಿದ ಆ ಭಾನುವಾರ ನಾನು ಮಾಡಿದ್ದೂ ಅದನ್ನೇ.

ಐದನೆಯ ಬೆಳಿಗ್ಗೆ ಫಾಫಡಾ ಮಗ್ಗುಲಾಗಿ ತೇಲುತ್ತಿತ್ತು. ಉಳಿದೆರಡು ನೀರಿನ ಮೇಲ್ಗಡೆ ಬಾಯಿ ತೆರೆದುಕೊಂಡು ನಿಂತಿದ್ದವು. ಗುಳ್ಳೆಯೇ ಬರುತ್ತಿರಲಿಲ್ಲ. ಅವಸರದಲ್ಲಿ ಡಬ್ಬಿ ತೆರೆದರೆ ಪಂಪು ಇನ್ನೂ ನಡುಗುತ್ತಲೇ ಇತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ. ಮುಟ್ಟಿದರೆ ಕೈ ಸುಟ್ಟಿತು. ಕರೋನಾ ಕಾಲದ ಹಣೆಯ ಥರ್ಮಾಮೀಟರ್ ತಂದು ಹಿಡಿದೆ, ಅದು ಅಂಕಿ ತೋರಿಸದೆ 'ಹೈ' ಎಂದಷ್ಟೇ ಹೇಳಿತು. ಬಕೆಟ್ಟಿನಿಂದ ಮಗ್ಗಿನಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತ ಉಳಿದೆರಡನ್ನು ಹೇಗೋ ಉಳಿಸಿಕೊಂಡೆವು.

ಮಗಳು ಎದ್ದು ಬಂದು ಕೇಳಿದಳು. "ಬಿಸಿಲು ಜಾಸ್ತಿ ಆಯ್ತು ಪುಟ್ಟಿ, ಅದಕ್ಕೆ ತಡೆಯಲಿಲ್ಲ" ಅಂದೆ. ಅಪ್ಪ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಮೊಮ್ಮಗಳ ಜೊತೆ ಕೆಳಗಿಳಿದು ಸೊಸೈಟಿಯ ಬೇವಿನ ಮರದ ಬುಡದಲ್ಲಿ ಮಣ್ಣು ಮಾಡಿ ಬಂದರು. ವಾಪಸ್ ಬಂದವರೇ ಸ್ಕ್ರೂ ಡ್ರೈವರ್ ಕೇಳಿದರು.

ಅಪ್ಪ ರಾಣೆಬೆನ್ನೂರಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮೋಟಾರ್ ರೀವೈಂಡಿಂಗ್ ಮಾಡಿದವರು. ತುಂಗಭದ್ರೆಯ ದಂಡೆಯ ಹೊಲಗಳಿಂದ ಬರುತ್ತಿದ್ದ ಸುಟ್ಟ ಪಂಪ್‌ಸೆಟ್ಟುಗಳೇ ನಮ್ಮ ಅನ್ನ. ನನ್ನ ಬಿ.ಇ., ಸುರತ್ಕಲ್ಲಿನ ಎಂ.ಟೆಕ್., ಎಲ್ಲ ಅದರಿಂದಲೇ ಆಗಿದ್ದು. ಓದಿದ್ದು ಎಲೆಕ್ಟ್ರಾನಿಕ್ಸ್ ಆದರೂ ಒಂದು ಕಾಯಿಲ್ ಸುತ್ತಲು ನನಗೆ ಬರುವುದಿಲ್ಲ. ಅಂಗಡಿಗೆ ಬರಬೇಡ, ಕೈ ಹೊಲಸಾಗುತ್ತದೆ, ಓದು ಎಂದವರೂ ಅವರೇ.

ಪಂಪು ಬಿಚ್ಚಿದಾಗ ಒಳಗೆ ಅಂಥ ದೊಡ್ಡ ವಿಷಯವೇನಿರಲಿಲ್ಲ. ತಗಡಿನ ಸ್ಟ್ಯಾಂಪಿಂಗ್ ಮೇಲೆ ಒಂದು ಕಾಯಿಲ್, ಅದರ ಮುಂದೆ ತುದಿಯಲ್ಲಿ ಅಯಸ್ಕಾಂತವಿರುವ ಪುಟ್ಟ ತೋಳು, ತೋಳಿಗೆ ಕಚ್ಚಿಕೊಂಡ ರಬ್ಬರಿನ ಬಟ್ಟಲು, ಎರಡು ಕವಾಟ. ನಮ್ಮ ಕರೆಂಟು ಸೆಕೆಂಡಿಗೆ 50 ಬಾರಿ ದಿಕ್ಕು ತಿರುಗಿ ಬರುವುದರಿಂದ ಅಯಸ್ಕಾಂತವೂ ಅಷ್ಟೇ ಸಲ ಅತ್ತಿತ್ತ ಹೊಡೆದಾಡುತ್ತದೆ. ರಬ್ಬರು ಒತ್ತಿ ಬಿಟ್ಟು ಗಾಳಿ ತಳ್ಳುತ್ತದೆ. ಆ ರಬ್ಬರು ಕಾವಿಗೆ ಹರಿದಿತ್ತು.

ಆದರೆ ಅಪ್ಪ ರಬ್ಬರು ನೋಡಿ ಅಲ್ಲಿಗೇ ಬಿಡಲಿಲ್ಲ. "ಇದು ಹರದದ್ದು ಈಗ. ನರಳಾಕತ್ತಿದ್ದು ಮೊದಲಿಂದ. ಯಾಕ ಅಂತ ನೋಡಬೇಕಲ್ಲ." ಪೈಪಿನ ತುದಿಯಲ್ಲಿ ನೀರಿನಡಿ ಇರುವ ಗಾಳಿಕಲ್ಲನ್ನು ಬಿಚ್ಚಿ ಬಾಯಿಂದ ಊದಲು ಹೇಳಿದರು. ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ. ನಮ್ಮ ಸೊಸೈಟಿಯದು ಬೋರ್‌ವೆಲ್ ನೀರು, ನಲ್ಲಿಗಳಿಗೆಲ್ಲ ಬಿಳಿ ಪದರು ಕಟ್ಟುತ್ತದೆ. ಅದೇ ಸುಣ್ಣ ಕಲ್ಲಿನ ತೂತುಗಳಲ್ಲೂ ಕೂತಿತ್ತು. ಮುಚ್ಚಿದ ಬಾಯಿಗೆ ಎದುರಾಗಿ ಪಂಪು ತಿಂಗಳುಗಟ್ಟಲೆ ಒತ್ತುತ್ತಿತ್ತು. ಪಂಪಿನ ತಳದಲ್ಲಿ ಗಾಳಿ ಒಳಗೆಳೆಯುವ ಕಡೆ ಒಂದು ಉಣ್ಣೆಯ ತುಂಡು ಇರುತ್ತದೆ. ಅದು ಧೂಳಿನಿಂದ ರೊಟ್ಟಿಯಂತೆ ಗಟ್ಟಿಯಾಗಿತ್ತು. ಒಳಗೆ ಬರುವ ಆ ಗಾಳಿಯೇ ಕಾಯಿಲನ್ನು ತಂಪಾಗಿಡಬೇಕು. ಕೆಳಗಿನ ನಾಲ್ಕು ರಬ್ಬರ್ ಕಾಲುಗಳು ಒಣಗಿ ಕಲ್ಲಾಗಿದ್ದವು, ಹಾಗಾಗಿ ಇಡೀ ಕಪಾಟೇ ತಬಲಾದಂತೆ ಜೊತೆಗೆ ಬಾರಿಸುತ್ತಿತ್ತು. ತೋಳು ಒಂದು ಕಡೆ ವಾಲಿ ಸ್ಟ್ಯಾಂಪಿಂಗಿಗೆ ತಾಗುತ್ತಿತ್ತು. ಸ್ಟ್ಯಾಂಪಿಂಗ್ ತಗಡುಗಳೂ ಸಡಿಲಾಗಿದ್ದವು.

ಅಂದರೆ ನಾನು ಒಂದು ಸಪ್ಪಳ ಅಂದುಕೊಂಡಿದ್ದರಲ್ಲಿ ನಾಲ್ಕೈದು ದೂರುಗಳಿದ್ದವು. ಅಪ್ಪನಿಗೆ ಅವು ಮೂರು ರಾತ್ರಿ ಬಿಡಿಬಿಡಿಯಾಗಿ ಕೇಳಿಸಿದ್ದವು. ಡಬ್ಬಿ ಮುಚ್ಚಿದ ನಾನು ಸಪ್ಪಳವನ್ನಷ್ಟೇ ಒಳಗೆ ಉಳಿಸಲಿಲ್ಲ, ಕಾವನ್ನೂ ಉಳಿಸಿದೆ. ಸಪ್ಪಳ ತಡೆಯುವ ಫೋಮೇ ಕಾವನ್ನೂ ತಡೆಯುತ್ತದೆ ಎಂದು ಎಂ.ಟೆಕ್. ಮಾಡಿದವನಿಗೆ ಹೊಳೆಯಬೇಕಿತ್ತು.

ಸ್ಟ್ಯಾಂಪಿಂಗಿಗೆ ವಾರ್ನಿಷ್ ಬೇಕೆಂದರು. ಹೆಂಡತಿ ನೇಲ್ ಪಾಲಿಶ್ ಕೊಡಲು ಬಂದಳು, ಅಪ್ಪ ನಕ್ಕು ಬೇಡ ಅಂದರು. ಸಾಬರಮತಿ ಕಡೆ ಹೋಗುವ ರಸ್ತೆಯಲ್ಲಿ ಒಂದು ರೀವೈಂಡಿಂಗ್ ಅಂಗಡಿ ಸಿಕ್ಕಿತು. ಬಾಗಿಲಲ್ಲೇ ಆ ವಾಸನೆ, ಬಿಸಿ ವಾರ್ನಿಷ್ ಮತ್ತು ಸುಟ್ಟ ತಾಮ್ರದ್ದು. ಅಪ್ಪ ಒಂದು ಕ್ಷಣ ನಿಂತು ಉಸಿರೆಳೆದುಕೊಂಡರು. ಅವ್ವ ಹೋದ ಮೇಲೆ ಅವರ ಮುಖ ಅಷ್ಟು ಹಗುರಾಗಿದ್ದನ್ನು ನಾನು ನೋಡಿರಲಿಲ್ಲ. ಅಂಗಡಿಯವರಿಗೆ ಕನ್ನಡ ಬಾರದು, ಅಪ್ಪನಿಗೆ ಗುಜರಾತಿ ಬಾರದು, ಹಿಂದಿಯೂ ಅಷ್ಟಕ್ಕಷ್ಟೇ. ನಾನು ದುಭಾಷಿಯಾಗಲು ಹೋದರೆ ಇಬ್ಬರೂ ನನ್ನ ಕಡೆ ನೋಡಲೇ ಇಲ್ಲ. ಅಪ್ಪ ಸುತ್ತುತ್ತಿದ್ದ ಕಾಯಿಲೊಂದನ್ನು ಬೆರಳಿನಿಂದ ಒತ್ತಿ ತಲೆಯಾಡಿಸಿದರು. ಆ ಮನುಷ್ಯ ತನ್ನ ಬಲಗೈ ತೋರುಬೆರಳಿನ ಗಂಟು ತೋರಿಸಿದ, ಅಪ್ಪ ತಮ್ಮದನ್ನು ತೋರಿಸಿದರು. ತಂತಿ ಎಳೆದೆಳೆದು ಇಬ್ಬರಿಗೂ ಒಂದೇ ಜಾಗದಲ್ಲಿ ಜಡ್ಡು. ಔಷಧದ ಬಾಟಲಿಯಲ್ಲಿ ಸ್ವಲ್ಪ ವಾರ್ನಿಷ್ ಹಾಕಿಕೊಟ್ಟರು, ದುಡ್ಡು ಮುಟ್ಟಲಿಲ್ಲ. "ಚಾಲ್ಶೆ ಕಾಕಾ, ಚಾಲ್ಶೆ."

ಗಾಳಿಕಲ್ಲನ್ನು ರಾತ್ರಿಯಿಡೀ ಲಿಂಬು ನಾ ಫೂಲ್ ನೀರಿನಲ್ಲಿ ನೆನೆಹಾಕಿದೆವು. ಖಮಣ್ ಮಾಡುವ ಮನೆಗಳಲ್ಲಿ ಇದು ಇದ್ದೇ ಇರುತ್ತದೆ, ಸಿಟ್ರಿಕ್ ಆಮ್ಲದ ಹರಳು. ಬೆಳಿಗ್ಗೆ ಸುಣ್ಣ ಬಿಟ್ಟಿತ್ತು. ಕಲ್ಲನ್ನು ಐದಾರು ಸಲ ತೊಳೆದೆವು. ಅಕ್ವೇರಿಯಂ ಅಂಗಡಿಯಲ್ಲಿ ರಬ್ಬರ್ ಬಟ್ಟಲು ಬಿಡಿಯಾಗಿ ಸಿಕ್ಕಿತು. ಅಪ್ಪ ವಿಸಿಟಿಂಗ್ ಕಾರ್ಡ್ ಕತ್ತರಿಸಿ ಅಯಸ್ಕಾಂತದ ಎರಡೂ ಬದಿಗೆ ಸಿಕ್ಕಿಸಿ, ಅಂತರ ಸಮ ಮಾಡಿ ತೋಳನ್ನು ಬಿಗಿದರು. ವಾರ್ನಿಷ್ ಒಣಗಲು ಎರಡು ದಿನ. ಅಷ್ಟರವರೆಗೆ ಮೀನುಗಳಿಗೆ ಇನ್ನೊಂದು ಅಗ್ಗದ ಪಂಪು ತಂದಿದ್ದೆ. ಹೊಸದು ತಂದಮೇಲೆ ಹಳೆಯದು ಯಾಕೆ ಎಂದು ಹೆಂಡತಿ ಕೇಳಿದಳು. ಹೊಸದೂ ಗುಂಯ್‌ಗುಡುತ್ತಿತ್ತು ಎಂಬುದೇ ಉತ್ತರ.

ಆಮೇಲೆ ಡಬ್ಬಿಯ ಬದಲಿಗೆ ಸೈಕಲ್ ಟ್ಯೂಬು. ಪಂಪಿನ ತಳದ ಗಾಳಿಯ ಜಾಗ ಬಿಟ್ಟು ಟ್ಯೂಬಿನ ಎರಡು ಪಟ್ಟಿಗಳಲ್ಲಿ ಅದನ್ನು ತೊಟ್ಟಿಲಿನಂತೆ ಗೋಡೆಯ ಕೊಕ್ಕೆಗೆ ತೂಗುಹಾಕಿದರು. ನಡುಕ ರಬ್ಬರಿನಲ್ಲೇ ಇಂಗುತ್ತದೆ, ಕಪಾಟಿಗೆ ಮುಟ್ಟುವುದಿಲ್ಲ. ಸುತ್ತಲೂ ಬಯಲು, ಹಾಗಾಗಿ ಕಾವೂ ನಿಲ್ಲುವುದಿಲ್ಲ. ಕೊಕ್ಕೆ ನೀರಿನ ಮಟ್ಟಕ್ಕಿಂತ ಮೇಲಿತ್ತು. ಪಂಪು ಕೆಳಗಿದ್ದರೆ ಕರೆಂಟು ಹೋದಾಗ ತೊಟ್ಟಿಯ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿಗೇ ಬರಬಹುದು. ನಾವು ವರ್ಷವಿಡೀ ಕೆಳಗೇ ಇಟ್ಟಿದ್ದೆವು.

ಕೊನೆಗೆ ಅಪ್ಪ ಮೀಟರ್ ಕೇಳಿದರು. ಬೆಳಗಿನ ಜಾವ ನಮ್ಮ ಪ್ಲಗ್ಗಿನಲ್ಲಿ 246 ವೋಲ್ಟ್. "ನಮ್ಮ ಕಡೆ ವೋಲ್ಟೇಜ್ ಕಡಿಮಿ ಬಂದು ಮೋಟಾರ್ ಸುಡತಾವು. ಇಲ್ಲಿ ಹೆಚ್ಚು ತಿಂದು ಸುಡತಾವು" ಎಂದು ನಕ್ಕರು. ನನ್ನನ್ನು ಝೀರೋ ಬಲ್ಬ್ ತರಲು ಕಳಿಸಿದರು. ಅಂಗಡಿಯವ ಎಲ್ಇಡಿ ಕೊಟ್ಟ, ಅಪ್ಪ ವಾಪಸ್ ಕಳಿಸಿದರು. ಹಳೆಯ ತಂತಿಯ ಬಲ್ಬೇ ಬೇಕಂತೆ. ಹೆಸರಿಗೆ ಝೀರೋ ಆದರೂ ಅದು 15 ವ್ಯಾಟ್ ತಿನ್ನುತ್ತದೆ. ನಮ್ಮ ಅಂಗಡಿಯ ಗೋಡೆಯ ಮೇಲೆ ಇದ್ದ ಸೀರೀಸ್ ಬೋರ್ಡ್ ಆಗ ನೆನಪಾಯಿತು. ರಿಪೇರಿಯಾದ ಯಾವ ಮೋಟಾರನ್ನೂ ಅಪ್ಪ ನೇರ ಕರೆಂಟಿಗೆ ಹಾಕುತ್ತಿರಲಿಲ್ಲ, ಮೊದಲು ಬಲ್ಬಿನ ಮೂಲಕ ಹಾಯಿಸಿ ನೋಡುತ್ತಿದ್ದರು. ಪೂರ್ತಿ ಬೆಳಗಿದರೆ ಒಳಗೆ ಶಾರ್ಟ್, ಹತ್ತದಿದ್ದರೆ ತಂತಿ ಕಡಿದಿದೆ ಎಂದು ಲೆಕ್ಕ.

ಸರಿಯಾದ ಹೋಲ್ಡರಿಗೆ ಹಾಕಿ, ಜೋಡಣೆಯನ್ನೆಲ್ಲ ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿ, ನೀರು ತಾಗದ ಕಡೆ ಬಿಗಿದರು. ಮೀಟರ್ ಹಿಡಿದೆ. ಬಲ್ಬಿನ ಮೇಲೆ 75 ವೋಲ್ಟ್, ಪಂಪಿನ ಮೇಲೆ 197. ಕೂಡಿದರೆ 272, ಬರುತ್ತಿರುವುದು 246. ಒಂದು ಕ್ಷಣ ಮೀಟರೇ ಕೆಟ್ಟಿದೆ ಅಂದುಕೊಂಡೆ. ಕಾಯಿಲಿನ ವೋಲ್ಟೇಜೂ ಬಲ್ಬಿನ ವೋಲ್ಟೇಜೂ ಒಟ್ಟೊಟ್ಟಿಗೆ ಏರಿಳಿಯುವುದಿಲ್ಲ, ಸುಮ್ಮನೆ ಕೂಡುವಂತಿಲ್ಲ ಎಂದು ಎರಡನೆಯ ಸೆಮಿಸ್ಟರಿನಲ್ಲಿ ಓದಿದ್ದು ಆಮೇಲೆ ನೆನಪಾಗಿ ಅಪ್ಪನಿಗೆ ವಿವರಿಸಿದೆ. "ಹೌದೇನು? ನಾ ಇಷ್ಟು ವರ್ಷ ಅದನ್ನ ಲೆಕ್ಕಾನ ಮಾಡಿಲ್ಲ" ಅಂದರು. ಅವರಿಗೆ ನಾನು ಹೇಳಿಕೊಟ್ಟ ಏಕೈಕ ವಿದ್ಯೆ ಅದೇ ಇರಬೇಕು.

ಪಂಪು ಈಗ ಕಿವಿ ಹತ್ತಿರ ಇಟ್ಟರೆ ಮಾತ್ರ ಕೇಳುತ್ತಿತ್ತು. ಕೈಯಿಟ್ಟು ಅಪ್ಪ ಹತ್ತರವರೆಗೆ ಎಣಿಸಿದರು, ಇಪ್ಪತ್ತರವರೆಗೂ ಎಣಿಸಿದರು. ಗುಳ್ಳೆ ಮೊದಲಿಗಿಂತ ಸಣ್ಣದಾಗಿ, ದಟ್ಟವಾಗಿ ಬರುತ್ತಿತ್ತು. ಬಲ್ಬು ಕೆಂಡದಂತೆ ಮಂದವಾಗಿ ಉರಿಯುತ್ತಿತ್ತು. ಹೋಲ್ಡರನ್ನು ಅವರು ಬೇಕೆಂದೇ ತೊಟ್ಟಿಯ ಹಿಂದೆ ಹಾಕಿದ್ದರು. ರಬ್ಬರು ಮತ್ತೆ ಹರಿದರೆ ಬಲ್ಬು ಉರಿಯುತ್ತಲೇ ಇರುತ್ತದೆ, ಅದನ್ನು ನಂಬುವಂತಿಲ್ಲ. ಆದರೆ ಆ ಬೆಳಕಿನಲ್ಲಿ ಗುಳ್ಳೆ ಕಾಣುತ್ತದೆ. ರಾತ್ರಿ ನೀರು ಕುಡಿಯಲು ಎದ್ದವರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಆ ರಾತ್ರಿ ಅಪ್ಪ ಗೊರಕೆ ಹೊಡೆದರು.

ಅಷ್ಟಾಗಿಯೂ ಅವರು ಇಲ್ಲಿ ನಿಲ್ಲಲಿಲ್ಲ. ಜುಲೈಯಲ್ಲಿ ಜೋಧಪುರ-ಬೆಂಗಳೂರು ರೈಲಿಗೆ ಹತ್ತಿಸಿದೆ, ತಮ್ಮ ಹುಬ್ಬಳ್ಳಿಯಲ್ಲಿ ಇಳಿಸಿಕೊಂಡ. ಅಂಗಡಿ ಈಗ ಬೇರೆಯವರದ್ದು, ಆದರೂ ಬೆಳಿಗ್ಗೆ ಒಂದು ತಾಸು ಹೋಗಿ ಕೂಡುತ್ತಾರಂತೆ. ರಾತ್ರಿ ವಿಡಿಯೊ ಕಾಲ್‌ನಲ್ಲಿ ಮೊದಲು ತೊಟ್ಟಿ ತೋರಿಸಬೇಕು, ಆಮೇಲೆ ಮೊಮ್ಮಗಳಿಗೆ ಅಕ್ಷರ ಪಾಠ. ಅವಳು ಇಲ್ಲಿನ ಶಾಲೆಯಲ್ಲಿ ಗುಜರಾತಿ, ಹಿಂದಿ, ಇಂಗ್ಲಿಷ್ ಓದುತ್ತಾಳೆ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ.

ಫಾಫಡಾ ಬಿಸಿಲಿಗೆ ಸಾಯಲಿಲ್ಲ, ನನ್ನ ಡಬ್ಬಿಯಿಂದ ಸತ್ತಿತು ಎಂದು ನಾನು ಅವಳಿಗೆ ಇನ್ನೂ ಹೇಳಿಲ್ಲ. ಇದನ್ನೆಲ್ಲ ಇಲ್ಲಿ ಬರೆಯುವ ಧೈರ್ಯ ಬಂದಿದ್ದೂ ಅವಳು ಓದಲಾರಳು ಎಂದೇ. ಹೋದ ವಾರ ಅಪ್ಪ ಅವಳಿಗೆ ಪ, ಫ, ಬ, ಭ, ಮ ಮುಗಿಸಿದರು. ಮೊದಲು ಬರೆಯಲು ಕಲಿತ ಪದ ಯಾವುದೆಂದು ಕೇಳಿದೆ. ನೋಟ್‌ಬುಕ್ ತಂದು ತೋರಿಸಿದಳು, ದೀರ್ಘ ಎಲ್ಲೋ ತಪ್ಪಿತ್ತು, ಆದರೆ ಓದಬಹುದಾಗಿತ್ತು.