ಮಾರ್ದನಿಯ ಪೆಟ್ಟಿಗೆ

ರೋಣದಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನ್ನಂಥವನಿಗೂ ಗಿಟಾರಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಆರು ತಿಂಗಳ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ. ಈ ಸಂಬಂಧ ತಂದದ್ದು ನನ್ನ ಅಣ್ಣನ ಮಗ. ಅದಕ್ಕಿಂತ ಹೆಚ್ಚಾಗಿ, ಅಣ್ಣನ ಮಗ್ಗ.

ಅಣ್ಣ ಗಜೇಂದ್ರಗಡದಲ್ಲಿ ಸೀರೆ ನೇಯುತ್ತಿದ್ದ. ಆತ ತೀರಿಕೊಂಡು ಎರಡು ವರುಷವಾಯಿತು. ಮಗ್ಗ ಒಂದು ವರುಷ ಧೂಳು ಹೊದ್ದು ಕುಳಿತಿತು. ಆಮೇಲೆ ಅತ್ತಿಗೆ ಅದನ್ನು ಬಂದ ಬೆಲೆಗೆ ಕೊಟ್ಟರು. ಬಂದ ಹಣದಲ್ಲಿ ಒಂದು ಪಾಲನ್ನು ಮಗನ ಕೈಗಿಟ್ಟು, “ಅಪ್ಪನ ನೆನಪಿಗೆ ಏನರೆ ತಗೋ” ಎಂದರು. ಪುಣ್ಯಾತ್ಮ ಬೇಕೆಂದದ್ದು ಉಂಗುರವಲ್ಲ, ಕೈಗಡಿಯಾರವಲ್ಲ. ಗಿಟಾರಿನ ‘ಡಿಲೇ ಪೆಡಲ್’ ಎಂಬೊಂದು ಪೆಟ್ಟಿಗೆ! ಅಂಗೈಯಗಲದ್ದು, ಕಾಲಿನಿಂದ ಒತ್ತುವಂಥದ್ದು. ಬಾರಿಸಿದ ನಾದವನ್ನು ತುಸು ತಡೆಹಿಡಿದು ಮತ್ತೆ ಮತ್ತೆ ಕೇಳಿಸುವುದು, ಇಷ್ಟೇ ಅದರ ಕಸುಬು.

ಅತ್ತಿಗೆಯ ಫೋನು ಬಂತು. “ಮಾಸ್ತರ, ನನಗ ಇದರಾಗಿಂದು ಏನೂ ತಿಳಿಯಾಂಗಿಲ್ಲ. ನೀವು ಓದಿದವ್ರು. ಅವನ ಜೋಡಿ ಹುಬ್ಬಳ್ಳಿಗಿ ಹೋಗಿ ಬರ್ರಿ. ರೊಕ್ಕ ನೀರಾಗ ಹಾಕಿದಂಗ ಆಗಬಾರದು ನೋಡ್ರಿ.”

ಆಗಲೆಂದೆ. ಒಳಗೆ ಮಾತ್ರ ಸಿಟ್ಟು ಕುದಿಯುತ್ತಿತ್ತು. ಮಗ್ಗ ಮಾರಿ ಮಾರ್ದನಿ ಕೊಳ್ಳುವುದೆಂದರೇನು? ಹುಡುಗನಿಗೆ ನಾಲ್ಕು ಬುದ್ಧಿಮಾತು ಹೇಳಿ, ನರಗುಂದ ದಾಟುವುದರೊಳಗೆ ಅವನ ಮನಸ್ಸು ತಿರುಗಿಸಬೇಕೆಂದು ಲೆಕ್ಕ ಹಾಕಿಯೇ ಬಸ್ಸು ಹತ್ತಿದೆ.

ಆದರೆ ಬಾಯಿ ತೆರೆದವನು ಅವನು. “ಕಾಕಾ, ನಾ ಬಾರಿಸೋದು ಎರಡು ಥರದ್ದು. ಒಂದು ಭಾರೀದು, ‘ಹೆವಿ’ ಅಂತಾರಲ್ಲ, ಅದು. ಇನ್ನೊಂದು ‘ಆಂಬಿಯೆಂಟ್’. ಎರಡಕ್ಕೂ ಒಂದ ಪೆಟಗಿ ಆಗಬೇಕು. ಅದ ತ್ರಾಸು.” ಮೊದಲನೆಯದು ಗುಡ್ಡದಿಂದ ಬಂಡೆ ಉರುಳಿಸಿದಂತೆ, ಎರಡನೆಯದು ಬೆಳಗಿನ ಜಾವ ಎರೆಹೊಲದ ಮೇಲೆ ಇಬ್ಬನಿ ಇಳಿದಂತೆ. ಹೀಗೆಂದು ನಾನು ಅರ್ಥ ಮಾಡಿಕೊಂಡೆ. ಬಂಡೆಗೆ ಬೇಕಾದ ಮಾರ್ದನಿ ಇಬ್ಬನಿಗೆ ಸಲ್ಲದು. ಭಾರೀ ಸಂಗೀತದಲ್ಲಿ ನಾದವನ್ನು ಮೊದಲೇ ಕರ್ಕಶಗೊಳಿಸಿ ದಪ್ಪ ಮಾಡಿರುತ್ತಾರೆ. ಅದರ ಮೇಲೆ ಉದ್ದುದ್ದ ಪ್ರತಿಧ್ವನಿ ಬಿದ್ದರೆ ಎಲ್ಲವೂ ಕಲಸಿ ರಾಡಿಯಾಗುತ್ತದೆ. ಅಲ್ಲಿ ಮಾರ್ದನಿ ಮಬ್ಬಾಗಿ, ಗಿಡ್ಡಾಗಿ, ಹಿಂದೆ ನಿಲ್ಲಬೇಕು; ಪೆಟ್ಟಿಗೆಯನ್ನೂ ಕರ್ಕಶದ ಪೆಟ್ಟಿಗೆಯ ಆಚೆಗೇ ಜೋಡಿಸಬೇಕು. ಇನ್ನೊಂದರಲ್ಲಿ ಮಾರ್ದನಿಯೇ ಯಜಮಾನ. ಒಂದು ತಂತಿ ಮಿಡಿದು ಬಿಟ್ಟರೆ ಅದು ತನ್ನಷ್ಟಕ್ಕೆ ತಾನು ಹರಡುತ್ತ ಹೋಗಬೇಕು.

ನರಗುಂದದ ಗುಡ್ಡ ಕಂಡಿತು. 1858ರಲ್ಲಿ ಬಾಬಾಸಾಹೇಬ ಇಂಗ್ಲಿಷರ ಮೇಲೆ ತಿರುಗಿಬಿದ್ದ ಊರು. ಬುದ್ಧಿಮಾತಿನ ಗಡುವು ಅಲ್ಲಿಗೆ ಮುಗಿಯಿತು. ನನಗೋ ಬಾಲ್ಯದ ಗಜೇಂದ್ರಗಡದ ಗುಡ್ಡ ನೆನಪಾಗುತ್ತಿತ್ತು. ಕೋಟೆಯ ಕೆಳಗಿನ ಬಂಡೆಗಳೆದುರು ನಿಂತು ಅಣ್ಣನೂ ನಾನೂ ಕೂಗು ಹಾಕುತ್ತಿದ್ದೆವು. ಕೂಗಿದ್ದು ತಿರುಗಿ ಬಂದರೆ ಗುಡ್ಡಕ್ಕೆ ನಮ್ಮ ಹೆಸರು ಗೊತ್ತಿದೆಯೆಂದೇ ತಿಳಿದಿದ್ದೆವು. ಶಾಸ್ತ್ರ ಬೇರೆ ಹೇಳುತ್ತದೆ. ನಾದ ಒಂದು ಸೆಕೆಂಡಿಗೆ ಸುಮಾರು 343 ಮೀಟರು ಓಡುತ್ತದೆ. ಕೂಗಿಗೂ ಮರುಕೂಗಿಗೂ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟಾದರೂ ಅಂತರವಿದ್ದರೆ ಕಿವಿ ಅವನ್ನು ಬೇರೆಬೇರೆಯಾಗಿ ಹಿಡಿಯುತ್ತದೆ. ಅಂದರೆ ಬಂಡೆ ಸುಮಾರು 17 ಮೀಟರು ದೂರವಿರಬೇಕು. ವಿಜಾಪುರದ ಗೋಲಗುಮ್ಮಟಕ್ಕೆ ಹೋದವರಿಗೆಲ್ಲ ಈ ಆಟ ಗೊತ್ತು. ಹಾಗಾದರೆ ಹುಡುಗನ ಪೆಟ್ಟಿಗೆ ಬೇರೇನು? ಹೆಗಲಚೀಲದಲ್ಲಿ ಒಯ್ಯಬಹುದಾದ ಒಂದು ಗುಮ್ಮಟ.

ಗುಮ್ಮಟವನ್ನು ಚೀಲಕ್ಕೆ ಇಳಿಸಿದ ಕಥೆಯೂ ಸ್ವಾರಸ್ಯದ್ದೇ. ಮೊದಲು ಟೇಪು ಬಂತು. ಒಂದು ಕಡೆ ನಾದ ಬರೆದು, ಟೇಪು ಮುಂದೆ ಸರಿದಾಗ ಇನ್ನೊಂದು ಕಡೆ ಓದುವುದು. ಅಮೆರಿಕದ ಎಕೋಪ್ಲೆಕ್ಸ್, 1974ರಲ್ಲಿ ಬಂದ ಜಪಾನಿನ ರೋಲ್ಯಾಂಡ್ ಸ್ಪೇಸ್ ಎಕೋ ಇದೇ ಜಾತಿಯವು. ಟೇಪು ಸವೆದಷ್ಟೂ ಮಾರ್ದನಿಗೆ ಮುಪ್ಪು. ಎರಡನೆಯ ಜಾತಿ ನನಗೆ ಬಹಳ ಹಿಡಿಸಿತು. 1969ರಲ್ಲಿ ಫಿಲಿಪ್ಸ್ ಕಂಪನಿಯವರು ಕಂಡುಹಿಡಿದ ಅದರ ಹೆಸರೇ ‘ಬಕೆಟ್ ಬ್ರಿಗೇಡ್’. ಬಣವೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಬಣವೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸುವುದಿಲ್ಲವೇ? ಹಾಗೆಯೇ ನಾದದ ತುಣುಕುಗಳು ಕೈಯಿಂದ ಕೈಗೆ ದಾಟುತ್ತವೆ. ದಾಟುವಾಗ ತುಸು ಚೆಲ್ಲುತ್ತವೆ. ಆದ್ದರಿಂದ ಆ ಮಾರ್ದನಿ ಮಬ್ಬು, ಬೆಚ್ಚಗೆ. ಮೂರನೆಯದು ನಾದವನ್ನು ಅಂಕಿಗಳಾಗಿ ಬರೆದಿಟ್ಟುಕೊಳ್ಳುವ ಡಿಜಿಟಲ್ ಜಾತಿ. 1983ರ ಬಾಸ್ ಡಿಡಿ-2 ಆ ಜಾತಿಯ ಮೊದಲ ಪುಟ್ಟ ಪೆಡಲು. ಅದರಲ್ಲಿ ಚೆಲ್ಲುವ ಮಾತಿಲ್ಲ. ಹೇಳಿದ್ದನ್ನೇ ಹೇಳುವ ಗಿಣಿ.

ಹುಬ್ಬಳ್ಳಿಯ ಅಂಗಡಿಯಲ್ಲಿ ಹುಡುಗ ಒಂದೂವರೆ ತಾಸು ಕೂತ. ಕೊಡ ದಾಟಿಸುವ ಜಾತಿಯದೊಂದನ್ನು ಬಾರಿಸಿದಾಗ, ಸಂಗೀತ ತಿಳಿಯದ ನನ್ನ ಕಿವಿಗೂ ತಂಪಾಯಿತು. “ಇದನ್ನೇ ತಗೋಳ್ಳೋ” ಎಂದೆ. ಅವನು ತಲೆಯಾಡಿಸಿದ.

“ಇದು 600 ಮಿಲಿಸೆಕೆಂಡಿಗೆ ನಿಂದರತದ ಕಾಕಾ. ನನಗ 800 ಬೇಕು.”

“ಎಂಟುನೂರೇ ಏಕೆ ಬೇಕು?”

ಅವನು ಸ್ವಲ್ಪ ತಡೆದು ಹೇಳಿದ: “ಅಪ್ಪನ ಮಗ್ಗ ಮಿನಿಟಿಗೆ ಎಪ್ಪತ್ತೈದು ಪೆಟ್ಟು ಹೊಡೀತಿತ್ತು. ಅರವತ್ತು ಸಾವಿರಕ್ಕ ಎಪ್ಪತ್ತೈದರಿಂದ ಭಾಗಿಸಿದ್ರ ಎಂಟುನೂರು.”

ನಾನು ಅಂಗಡಿಯ ಗಾಜಿನ ಕಪಾಟನ್ನು ನೋಡುತ್ತ ನಿಂತುಬಿಟ್ಟೆ. ಧಾರವಾಡದಲ್ಲಿ ನಾನು ಎಂ.ಎ. ಓದಿದ್ದು ಆ ಪೆಟ್ಟುಗಳ ಮೇಲೆ. ತಿಂಗಳ ಮೊದಲ ವಾರ ಬರುತ್ತಿದ್ದ ಹಣದಲ್ಲಿ ಎಷ್ಟು ಸಾವಿರ ಪೆಟ್ಟುಗಳಿದ್ದವೋ, ನಾನು ಎಂದೂ ಎಣಿಸಿರಲಿಲ್ಲ. ಎಣಿಸಿದವನು ಈ ಹುಡುಗ. ಇವನಿಗೆ ಬುದ್ಧಿ ಹೇಳಲು ಬಸ್ಸು ಹತ್ತಿದವನು ನಾನು!

ಕಡೆಗೆ ಆರಿಸಿದ್ದು ಡಿಜಿಟಲ್ ಪೆಟ್ಟಿಗೆಯನ್ನೇ. ಆದರೆ ಟೇಪಿನ ಮುಪ್ಪನ್ನೂ ಕೊಡ ಚೆಲ್ಲುವ ಮಬ್ಬನ್ನೂ ಅನುಕರಿಸಬಲ್ಲದ್ದು. ಬಂಡೆಗೊಂದು ದನಿ, ಇಬ್ಬನಿಗೊಂದು ದನಿ. ಕಾಲಿನಿಂದ ತಟ್ಟಿದ ಲಯವನ್ನೇ ಹಿಡಿದುಕೊಳ್ಳುವ ಅನುಕೂಲವಿದೆ. ಇನ್ನೊಂದು ಗುಣವನ್ನು ಹುಡುಗ ಎರಡೆರಡು ಸಲ ಪರೀಕ್ಷಿಸಿದ: ಪೆಡಲನ್ನು ಆರಿಸಿದ ಮೇಲೂ ಆಗಲೇ ಹುಟ್ಟಿದ ಮಾರ್ದನಿಗಳು ತಟ್ಟನೆ ಕಡಿದುಹೋಗದೆ, ತಾವಾಗಿ ಕ್ಷೀಣಿಸಿ ಮುಗಿಯಬೇಕು.

ಇದನ್ನು ನಾನು ತರಗತಿಯಲ್ಲಿ ಎಷ್ಟು ವರುಷ ಹೇಳಿಲ್ಲ! ಗಂಟೆಯನ್ನು ಬಾರಿಸಿದ ಮೇಲೆ ಉಳಿಯುವ ಅನುರಣನದಂತೆ ಮಾತು ಮುಗಿದ ಮೇಲೆ ಹೊಮ್ಮುವ ಅರ್ಥವೊಂದಿದೆಯೆಂದು ಕಾಶ್ಮೀರದ ಆನಂದವರ್ಧನ ಒಂಬತ್ತನೆಯ ಶತಮಾನದಲ್ಲಿಯೇ ‘ಧ್ವನ್ಯಾಲೋಕ’ದಲ್ಲಿ ವಿವರಿಸಿದ. ಹುಡುಗರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹತ್ತು ಅಂಕ. ಅದರ ಅರ್ಥ ನನಗೆ ತಿಳಿದಿತ್ತೇ ಎಂಬ ಅನುಮಾನ ಆ ದಿನ ಅಂಗಡಿಯಲ್ಲಿ ಹುಟ್ಟಿತು.

ಮುಂದಿನ ಆದಿತ್ಯವಾರ ಗಜೇಂದ್ರಗಡಕ್ಕೆ ಹೋದೆ. ಮಗ್ಗ ಹೋಗಿದ್ದರೂ ಅದರ ಕುಣಿ ಹಾಗೆಯೇ ಇತ್ತು. ಹುಡುಗ ಅದರ ಅಂಚಿಗೆ ಕುಳಿತು, ಅಪ್ಪ ಕಾಲಿಡುತ್ತಿದ್ದಲ್ಲಿಯೇ ಕಾಲು ಇಳಿಬಿಟ್ಟು, ಕುಣಿಯ ತಳದಲ್ಲಿ ಪೆಡಲು ಇಟ್ಟಿದ್ದ. ಕಾಲಿನಿಂದ ಲಯ ತಟ್ಟಿ ಒಂದು ತಂತಿ ಮಿಡಿದ. ಠಣ್... ಠಣ್... ಠಣ್... ಒಳಗೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು. ಅತ್ತಿಗೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ಅಳುತ್ತಾರೇನೋ ಎಂದು ನಾನು ಗಾಬರಿಯಾದೆ. ಅವರು ಅಳಲಿಲ್ಲ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ,

“ಇಷ್ಟು ಸಾವಕಾಶ ಅಲ್ಲೋ. ನಿಮ್ಮಪ್ಪ ಇನ್ನಾ ಸ್ವಲ್ಪ ಲಗು ಹೊಡೀತಿದ್ರು” ಎಂದರು.

ಹುಡುಗ ಮತ್ತೆ ತಟ್ಟಿದ. ಅತ್ತಿಗೆ ತಲೆಯಾಡಿಸಿದರು. ಇನ್ನೊಮ್ಮೆ ತಟ್ಟಿದ. “ಹಾಂ, ಈಗ ಬಂತು” ಎಂದು ಒಳಗೆ ಹೋದರು. ರೊಟ್ಟಿಯ ಸಪ್ಪಳ ಮತ್ತೆ ಆರಂಭವಾಯಿತು.

ಮಿನಿಟಿಗೆ ಎಂಬತ್ತು; ಎಂದರೆ 750 ಮಿಲಿಸೆಕೆಂಡು. ಈ ಸಲ ಲೆಕ್ಕ ಮಾಡಿದವನು ನಾನು.