ಸೆರಗು ಕಾಣದ ಅಂಗಡಿ

ಮನಾಮಾದ ಬಾಬ್ ಅಲ್ ಬಹರೈನ್ ಹೆಬ್ಬಾಗಿಲನ್ನು ದಾಟಿ ಹಳೆಯ ಪೇಟೆಯೊಳಕ್ಕೆ ಬಂದರೆ, ಒಂದು ಓಣಿಯಲ್ಲಿ ನಾನು ಪಾಲುದಾರನಾಗಿರುವ ಜವಳಿ ಅಂಗಡಿಯಿದೆ. ಸೀರೆಯ ಬಣ್ಣದ ಬಗ್ಗೆ ಗಿರಾಕಿಗೆ ಅನುಮಾನ ಬಂದರೆ ನಾವು ವಾದ ಮಾಡುವವರಲ್ಲ. ಸೀರೆಯನ್ನು ಎತ್ತಿಕೊಂಡು ಓಣಿಗೆ ಬಂದು ಬಿಸಿಲಿಗೆ ಹಿಡಿಯುತ್ತೇವೆ. ವ್ಯಾಪಾರ ಅಲ್ಲಿಯೇ ಕುದುರುತ್ತದೆ, ಇಲ್ಲವೇ ಮುರಿಯುತ್ತದೆ.

2020ರ ಮಹಾಮಾರಿಯ ನಂತರ ನಮ್ಮ ಓಣಿಯ ಹಳೆಯ ಗಿರಾಕಿಗಳು ವಿರಳವಾದರು. ಬಾಡಿಗೆ ಮಾತ್ರ ಇದ್ದಲ್ಲಿಯೇ ಇತ್ತು. ಇನ್ನೊಬ್ಬ ಪಾಲುದಾರರು ಊರಿಗೆ ಮರಳುವ ಮಾತನ್ನಾಡತೊಡಗಿದ್ದರು. ಅಂತರಜಾಲದಲ್ಲಿ ಅಂಗಡಿ ತೆರೆಯೋಣವೆಂದು ಹಠ ಹಿಡಿದವಳು ನನ್ನ ಮಗಳು. ಅದಕ್ಕೆಂದು ಒಂದಷ್ಟು ಹಣವನ್ನು ತೆಗೆದಿರಿಸಿದೆವು. ಇದೂ ಕೈಕೊಟ್ಟರೆ ಬಾಗಿಲು ಮುಚ್ಚುವುದೆಂದು ಪಾಲುದಾರರಿಬ್ಬರೂ ಮಾತಾಡಿಕೊಂಡಿದ್ದೆವು.

ಅಂತರಜಾಲದ ಅಂಗಡಿಗೆ ಸಿದ್ಧ ವಿನ್ಯಾಸಗಳು ದೊರೆಯುತ್ತವೆ. ಅವುಗಳಿಗೆ ಟೆಂಪ್ಲೇಟ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೊಲಿದಿಟ್ಟ ಅಂಗಿ. ಗೊಂಬೆಯ ಮೈಮೇಲೆ ಅದು ಯಾವತ್ತೂ ಚೆನ್ನಾಗಿಯೇ ಕಾಣುತ್ತದೆ. ಮಗಳು ತೋರಿಸಿದ ವಿನ್ಯಾಸವೂ ಹಾಗೆಯೇ ಇತ್ತು. ಬಿಳಿಯ ಪುಟ, ಆರೇ ಆರು ಸಾಮಾನು, ತೆಳ್ಳಗಿನ ಅಕ್ಷರ. ನನಗೂ ಮೆಚ್ಚಿಗೆಯಾಯಿತೆಂಬುದನ್ನು ಮುಚ್ಚಿಡಲಾರೆ. ಆದರೂ ಬಟ್ಟೆ ವ್ಯಾಪಾರಿಯ ಬುದ್ಧಿ ಸುಮ್ಮನಿರಲಿಲ್ಲ. "ಮಗಳೇ, ಅವರ ಚಿತ್ರಗಳನ್ನು ತೆಗೆದು ನಮ್ಮ ಇಳಕಲ್ ಸೀರೆಯನ್ನು ಹಾಕು, ನೋಡೋಣ" ಎಂದೆ.

ಇಳಕಲ್ ಸೀರೆಯ ಜೀವವಿರುವುದು ಅದರ ಅಂಚು ಸೆರಗುಗಳಲ್ಲಿ. ಒಡಲಿನ ಹಾಸು ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ನೇಯುತ್ತಾರೆ. ಆ ಕೆಂಪಿನ ಮೇಲೆ ಬಿಳಿಯ ತೆನೆಗಳು ಗರಗಸದ ಹಲ್ಲಿನಂತೆ ಮೂಡುತ್ತವೆ. (ಬಿಳಿ ಕೆಂಪುಗಳ ನಡುವೆ ಐದು ಮೊನೆಗಳಿರುವ ಬಹರೈನಿನ ಧ್ವಜವನ್ನು ಕಂಡಾಗಲೆಲ್ಲ ನನಗೆ ಆ ಸೆರಗು ನೆನಪಾಗುತ್ತದೆ.) ತೆರೆಯ ಮೇಲೆ ಮೂಡಿದ್ದಾದರೋ ಒಡಲಿನ ನಡುಭಾಗದ ಒಂದು ಚೌಕ ಮಾತ್ರ!

"ಅಪ್ಪಾ, ಇದರಲ್ಲಿ ಎಲ್ಲ ಚಿತ್ರಗಳೂ ತಾವಾಗಿಯೇ ಚೌಕಾಕಾರಕ್ಕೆ ಕತ್ತರಿಸಿಕೊಳ್ಳುತ್ತವೆ. ಪುಟ ಅಚ್ಚುಕಟ್ಟಾಗಿ ಕಾಣಲೆಂದು ಹಾಗೆ ಮಾಡಿದ್ದಾರೆ."

"ಹಾಗಾದರೆ ಇದು ಸೀರೆಯಂಗಡಿಯಲ್ಲ, ಬಣ್ಣದ ಕಾಗದದ ಅಂಗಡಿ" ಎಂದೆ. ಅವಳಿಗೆ ನೋವಾಯಿತು. ಎರಡು ರಾತ್ರಿ ನಿದ್ದೆಗೆಟ್ಟು ಹುಡುಕಿದ ವಿನ್ಯಾಸ ಅದು. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ.

ಮರುದಿನ ಅವಳೇ ಮುಂದಾಗಿ ಪರೀಕ್ಷೆಯನ್ನು ಬೆಳೆಸಿದಳು. ಕನ್ನಡದ ಹೆಸರುಗಳನ್ನು ತುಂಬಿದಳು. 'ಗುಳೇದಗುಡ್ಡದ ಖಣ' ಎಂದರೆ ಡಕಾರದ ಒತ್ತು ಅರ್ಧಕ್ಕೆ ತುಂಡಾಯಿತು. 'ಮೊಳಕಾಲ್ಮೂರು ರೇಷ್ಮೆ'ಯ ಒತ್ತುಗಳಿಗೂ ಅದೇ ಗತಿ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ಅಳೆದಿದ್ದರು. ಕೆಳಗೆ ಇಳಿಯುವ ಅಕ್ಷರಗಳೂ ಲೋಕದಲ್ಲಿವೆಯೆಂಬ ಎಣಿಕೆ ಅವರಿಗೆ ಇದ್ದಂತಿರಲಿಲ್ಲ. ಅರಬ್ಬಿಯ ಪಾಡು ಇನ್ನೂ ಕಷ್ಟ. ಅದು ಬಲದಿಂದ ಎಡಕ್ಕೆ ಸಾಗುವ ಲಿಪಿಯಾದ್ದರಿಂದ ಇಡೀ ಪುಟವೇ ಕನ್ನಡಿಯಲ್ಲಿ ಕಂಡಂತೆ ಮಗ್ಗುಲು ಬದಲಿಸಬೇಕು. ಇಲ್ಲಿ ಅಕ್ಷರ ಮಾತ್ರ ಬದಲಾಯಿತು, ಬಾಣದ ಗುರುತುಗಳು ಹಿಂದಿನಂತೆಯೇ ನಿಂತವು. ಸೊಗಸಿಗೆಂದು ಅಕ್ಷರಗಳ ನಡುವೆ ಬಿಟ್ಟಿದ್ದ ತೆರಪಿನಿಂದಾಗಿ ಕೂಡಿ ಬರೆಯಬೇಕಾದ ಅರಬ್ಬಿ ಅಕ್ಷರಗಳು ಒಂದನ್ನೊಂದು ಬಿಟ್ಟು ಒಂಟಿಯಾದವು.

ಇವೆಲ್ಲ ಕಣ್ಣಿಗೆ ಸಂಬಂಧಿಸಿದವು. ಹಣದ ವಿಷಯಕ್ಕೆ ಬಂದಾಗ ನಾನು ನಿಜವಾಗಿ ಗಾಬರಿಯಾದೆ. ಇಲ್ಲಿನ ದಿನಾರಿಗೆ ಸಾವಿರ ಫಿಲ್ಸ್. ಬೆಲೆಯಲ್ಲಿ ಚುಕ್ಕೆಯ ನಂತರ ಮೂರು ಅಂಕಿ ಬೇಕು. ವಿನ್ಯಾಸಕ್ಕೆ ಗೊತ್ತಿದ್ದುದು ಎರಡೇ. 4.750 ಎಂದು ಬರೆದರೆ 4.75 ಎಂದು ತೋರಿಸಿತು. ವಿಳಾಸದಲ್ಲಿ ರಾಜ್ಯ ಮತ್ತು ಪಿನ್‌ಕೋಡ್ ತುಂಬದೆ ಮುಂದಕ್ಕೆ ಬಿಡದು. ಬಹರೈನಿನಲ್ಲಿ ನಾವು ವಿಳಾಸ ಹೇಳುವುದು ಕಟ್ಟಡ, ರಸ್ತೆ, ಬ್ಲಾಕ್‌ಗಳ ಸಂಖ್ಯೆಯಲ್ಲಿ. ಎರಡೂವರೆ ಮೀಟರ್ ಬಟ್ಟೆ ಕೊಳ್ಳಲು ಬಂದ ಬಹರೈನಿ ಹೆಂಗಸಿಗೆ ಅದು ಎರಡು ಇಲ್ಲವೇ ಮೂರು ಎನ್ನುತ್ತದೆ. ನಮ್ಮ ಅಂಗಡಿಯ ಹುಡುಗನೊಬ್ಬ ಹಾಗೆ ಹೇಳಿದ್ದರೆ ಅಂದೇ ಬುದ್ಧಿ ಹೇಳುತ್ತಿದ್ದೆ.

ಕೊನೆಗೆ ಆಯ್ದುಕೊಂಡ ವಿನ್ಯಾಸ ನೋಡಲು ಸಾಧಾರಣವಾದುದು. ಉದ್ದದ ಚಿತ್ರವನ್ನು ಉದ್ದಕ್ಕೇ ತೋರಿಸುತ್ತದೆ, ಅರ್ಧ ಮೀಟರನ್ನು ಒಪ್ಪುತ್ತದೆ, ಒತ್ತಕ್ಷರಕ್ಕೆ ಜಾಗ ಕೊಡುತ್ತದೆ. ಮಗಳಿಗೆ ಮೊದಲಿನದರ ಮೇಲೆ ಇಂದಿಗೂ ಮೋಹವಿದೆ. ಅವಳನ್ನು ದೂರಲಾರೆ, ನಾನೂ ಎಷ್ಟೋ ಬಾರಿ ಗೊಂಬೆಯ ಮೈಮೇಲಿನ ಸೀರೆಯನ್ನು ಕಂಡು ಮರುಳಾಗಿ ಸರಕು ತರಿಸಿ ನಷ್ಟಪಟ್ಟವನೇ.

ಮೊದಲ ಬೇಡಿಕೆ ರಿಫಾದಿಂದ ಬಂತು. ಒಂದು ಇಳಕಲ್ ಸೀರೆ, ಗಿರಿಕುಂಕುಮ ಬಣ್ಣ. ಕಟ್ಟಡ, ರಸ್ತೆ, ಬ್ಲಾಕ್‌ಗಳೆಲ್ಲ ಸರಿಯಾಗಿ ತುಂಬಿದ್ದವು. ಕೆಳಗೆ ಕನ್ನಡದಲ್ಲಿ ಒಂದು ಸಾಲು: ಸೆರಗನ್ನು ಬಿಸಿಲಿನಲ್ಲಿ ಹಿಡಿದು ಇನ್ನೊಂದು ಚಿತ್ರ ಕಳುಹಿಸುವಿರಾ? ಮಗಳು ಮೊಬೈಲನ್ನು ಕೈಗೆತ್ತಿಕೊಂಡಳು. ನಾನು ಸೀರೆಯನ್ನು ಬಿಚ್ಚಿಕೊಂಡು ಓಣಿಗೆ ಇಳಿದೆ.