ಲಂಡನ್ ಬಿತ್ತಂತೆ

ಮೂಡಿಗೆರೆ ಕಡೆಯ ನಮ್ಮ ದೊಡ್ಡಪ್ಪನ ಮನೆಯಲ್ಲಿ ತಿಂಡಿಯ ಹೊತ್ತಿಗೆ ‘ಲಂಡನ್ ಬಿತ್ತಂತೆ’ ಎಂದರೆ ಯಾರೂ ಗಾಬರಿಯಾಗುವುದಿಲ್ಲ. ರೊಬಸ್ಟಾ ರೇಟು ಇಳಿದಿದೆ, ಅಷ್ಟೆ. ರೊಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್. ಆ ಊರುಗಳಲ್ಲಿ ಬೇರೇನೂ ಇಲ್ಲವೇ ಎಂದರೆ ದೊಡ್ಡಪ್ಪ, ‘ಇದ್ದರೂ ಇರಬಹುದಪ್ಪ’ ಅನ್ನುತ್ತಾರೆ. ವಿಯೆಟ್ನಾಂ ಎಂದಾಗ ನನಗೆ ಯುದ್ಧ ನೆನಪಾದರೆ, ಅವರಿಗೆ ನೆನಪಾಗುವುದು ಶ್ರೀಲಂಕಾ ಸುತ್ತಿಕೊಂಡು ಬಂದು ನಮ್ಮ ಕಾಳುಮೆಣಸಿನ ದರ ಕೆಡಿಸುವ ಅಲ್ಲಿನ ಮೆಣಸು.

ನಾನಾದರೋ ಭೂಗೋಳವನ್ನು ಕ್ರಮವಾಗಿ ಕಲಿತವನು. ಭೂಪಟಕ್ಕೆ ಬಣ್ಣ ತುಂಬಿದವನು, ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್ ಎಂದು ನಾಲಿಗೆ ಹೊರಳಿಸಿ ಹೇಳಿ ಶಾಲೆಯಲ್ಲಿ ಸ್ಟೀಲ್ ಲೋಟ ಗೆದ್ದವನು. ಲೋಟ ಇನ್ನೂ ಇದೆ. ಮಂಗೋಲಿಯದ ಬಗ್ಗೆ ಎರಡನೇ ಪ್ರಶ್ನೆ ಕೇಳಿದರೆ ಅದರಲ್ಲೇ ನೀರು ಕುಡಿಯಬೇಕು.

2021ರ ಜುಲೈ. ಹೊರಗೆ ಮೂರು ದಿನದಿಂದ ಬಿಡದ ಮಳೆ. ದೊಡ್ಡಪ್ಪ ಫೋನ್ ಹಿಡಿದು ಜಗಲಿಗೆ ಬಂದವರೇ, ‘ಬ್ರೆಜಿಲ್ಲಲ್ಲಿ ಫ್ರಾಸ್ಟ್ ಬಿದ್ದದೆ ಮಾರಾಯ’ ಎಂದರು.

‘ಜುಲೈನಲ್ಲಿ ಫ್ರಾಸ್ಟಾ?’ ಎಂದು ನಕ್ಕೆ.

‘ಅವರಿಗೆ ಈಗ ಚಳಿಗಾಲ ಅಲ್ಲವೇನೋ!’

ದಕ್ಷಿಣಾರ್ಧಗೋಳದಲ್ಲಿ ಋತುಗಳು ತಿರುಗುಮುರುಗು ಎಂದು ನಾನೂ ಬರೆದಿದ್ದೆ. ಎರಡಕ್ಕೆ ಎರಡು ಅಂಕವೂ ಬಂದಿತ್ತು.

ಜಗತ್ತಿನ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬ್ರೆಜಿಲ್‌ನದು. ಅಲ್ಲಿ ತೋಟ ಸುಟ್ಟ ಒಂದೇ ವಾರದಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ ಎರಡು ಡಾಲರ್ ದಾಟಿತು. 1975ರ ಜುಲೈನಲ್ಲಿ ಪರಾನಾ ಪ್ರಾಂತ್ಯದ ಕಾಫಿ ಗಿಡಗಳೆಲ್ಲ ಕರಕಲಾದದ್ದನ್ನು ದೊಡ್ಡಪ್ಪ, ಪಕ್ಕದೂರಿನ ಗದ್ದೆಗೆ ಆನೆ ನುಗ್ಗಿದ ಹಾಗೆ ವರ್ಣಿಸಿದರು. ‘ಅಯ್ಯೋ ಪಾಪ’ ಎನ್ನುವಾಗಲೂ ಮುಖದಲ್ಲೊಂದು ಸಣ್ಣ ಬೆಳಕು. ವಿಶ್ವಮಾನವತೆಯಲ್ಲಿ ಬೆಳೆಗಾರನಿಗೆ ಅಷ್ಟು ರಿಯಾಯಿತಿ ಇರಲಿ.

ಮಾನ ಉಳಿಸಿಕೊಳ್ಳಲು ಫೋನಿನಲ್ಲಿ ಭೂಪಟ ತೆರೆದು, ‘ಎಲ್ಲಿದೆ ತೋರಿಸಿ ನೋಡೋಣ’ ಎಂದೆ. ಬೆರಳು ಒಂದಿಷ್ಟು ಅಲೆದಾಡಿ ಆಫ್ರಿಕಾದಲ್ಲಿ, ಕಾಂಗೋ ಆಸುಪಾಸು ಕೂತಿತು. ಒಳಗೊಳಗೇ ಖುಷಿಪಟ್ಟು ಅವರನ್ನು ಅಟ್ಲಾಂಟಿಕ್ ದಾಟಿಸಿದೆ. ಬ್ರೆಜಿಲ್‌ನ ಕಾಫಿ ಪ್ರಾಂತ್ಯ ಮಿನಾಸ್ ಜೆರೈಸ್ ಹುಡುಕಿ ಉಪಗ್ರಹದ ಚಿತ್ರ ಹಿಗ್ಗಿಸಿದೆ. ಬಾಚಣಿಗೆಯಲ್ಲಿ ಬಾಚಿಟ್ಟಂಥ ಹಸಿರು ಗೆರೆಗಳು. ನನಗೆ ಕಂಡದ್ದು ಅಷ್ಟೆ.

ದೊಡ್ಡಪ್ಪ ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ತಂದರು. ‘ಒಂದು ಮರ ಇಲ್ಲವಲ್ಲೋ! ಸಿಲ್ವರ್ ಇಲ್ಲ, ಹಲಸಿಲ್ಲ, ಅತ್ತಿ ಇಲ್ಲ. ಮಿಷನ್ ಓಡಿಸಿ ಕೊಯ್ಯೋದಕ್ಕೆ ಎಲ್ಲ ಬೋಳಿಸಿ ಇಟ್ಟಿದ್ದಾರೆ.’ ಸ್ವಲ್ಪ ಹೊತ್ತು ಬಿಟ್ಟು, ‘ಮೇಲೊಂದು ನೆರಳಿದ್ದಿದ್ದರೆ ಇಷ್ಟು ಹೊಡೀತಿರಲಿಲ್ಲ’ ಎಂದರು.

ಬ್ರೆಜಿಲ್‌ನ ರಾಜಧಾನಿ ರಿಯೋ ಅಲ್ಲ, 1960ರಿಂದ ಬ್ರೆಸೀಲಿಯ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರೇ ಫೋನನ್ನು ನನ್ನತ್ತ ಚಾಚಿ ಕೇಳಿದರು:

‘ಅಲ್ಲಿ ಆಳಿಗೆ ಕೂಲಿ ಎಷ್ಟಿದೆ, ಇದರಲ್ಲಿ ಕಾಣ್ತದಾ?’